ಕತ್ತಲಲ್ಲಿ ಕಾಣುವುದು ಬೇರೆ, ಗುರುತಿಸುವುದು ಬೇರೆ



ಅಮೆರಿಕದ ಟೆಕ್ಸಾಸಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋದ ತಿಂಗಳು ದೀರ್ಘವಾದ ಮಿಂಚಂಚೆಯೊಂದನ್ನು ಬರೆದಿದ್ದ. ಅವನ ಬಡಾವಣೆಯಲ್ಲಿ ಒಂದೇ ವಾರ ಎರಡು ಮನೆಗಳಿಗೆ ಕಳ್ಳರು ನುಗ್ಗಿದರಂತೆ. ಪಕ್ಕದ ಮನೆಯವರು ಬಂದೂಕಿನ ಮೇಲೆ ಕೂರಿಸುವ ಥರ್ಮಲ್ ದುರ್ಬೀನೊಂದನ್ನು ತರಿಸಿ, ನೀನೂ ಒಂದನ್ನು ಕೊಂಡುಬಿಡು ಎಂದು ಇವನ ಬೆನ್ನು ಹತ್ತಿದ್ದಾರೆ. ಬಂದೂಕು ಇವನ ಬಳಿ ಈಗಾಗಲೇ ಇದೆ. ಆ ದೇಶದಲ್ಲಿ ಅದು ವಿಶೇಷವಲ್ಲ. "ಮೇಷ್ಟ್ರೇ, ಒಂಬತ್ತನೇ ತರಗತಿಯಲ್ಲಿ ನಮಗೆ ಬೆಳಕಿನ ಪಾಠ ಮಾಡಿದವರು ನೀವು. ಇದನ್ನು ಕೊಳ್ಳಲೋ ಬೇಡವೋ, ನೀವೇ ಹೇಳಿ" ಎಂದು ಕೇಳಿದ್ದ. ಪತ್ರದ ಕೊನೆಯಲ್ಲಿ, ಮಗನಿಗೆ ಹದಿನೇಳು ತುಂಬಿತೆಂದೂ, ಈಗೀಗ ಕಾರು ತೆಗೆದುಕೊಂಡು ಹೋಗಿ ರಾತ್ರಿ ಹೊತ್ತು ಮೀರಿ ಮನೆಗೆ ಬರುತ್ತಾನೆಂದೂ ಬೇರೊಂದು ಚಿಂತೆಯಾಗಿ ಬರೆದಿದ್ದ. ಅವನಿಗೆ ಅವೆರಡು ಬೇರೆ ಬೇರೆ ವಿಷಯಗಳು. ಓದಿದ ನನಗೆ ಅವೆರಡೂ ಒಂದೇ ವಿಷಯವೆಂದು ತೋರಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕತ್ತಲಲ್ಲಿ ನೋಡುವ ಈ ಯಂತ್ರಗಳು ಮನೆಯ ಕಾವಲಿಗೆ ನಿಜಕ್ಕೂ ಉಪಯುಕ್ತ. ಆದರೆ ಮಾರುವವರು ಹೇಳುವ ಕಾರಣಕ್ಕಲ್ಲ. ಅಂಗಳದಾಚೆ ಏನೋ ಒಂದು ಅಲುಗಾಡುತ್ತಿದೆ ಎಂದು ತಿಳಿಯಲು ಅವು ಬೇಕು. ಆ ಅಲುಗಾಡುವುದು ಯಾರು ಎಂದು ತೀರ್ಮಾನಿಸಲು, ಅದರಲ್ಲೂ ಬೆರಳು ಕುದುರೆಯ ಮೇಲಿರುವಾಗ ತೀರ್ಮಾನಿಸಲು, ಅವನ್ನು ನಂಬಬಾರದು. ಇದು ಬರಿಯ ನೀತಿಬೋಧೆಯಲ್ಲ, ಭೌತಶಾಸ್ತ್ರ. ಆದ್ದರಿಂದ ಸ್ವಲ್ಪ ಪಾಠ ಮಾಡದೆ ವಿಧಿಯಿಲ್ಲ. ಹಿಂದಿನ ಬೆಂಚಿನವರು ಸಹಿಸಿಕೊಳ್ಳಬೇಕು.

ಮೊದಲಿಗೆ, ಜನ ಒಂದೇ ಎಂದು ತಿಳಿದಿರುವ ಎರಡು ಬಗೆಯ ಯಂತ್ರಗಳನ್ನು ಬೇರ್ಪಡಿಸಬೇಕು. ಒಂದನೆಯದು ನೈಟ್ ವಿಷನ್. ಇದು ಇರುವ ಬೆಳಕನ್ನೇ ಹಿಗ್ಗಿಸಿ ತೋರಿಸುತ್ತದೆ. ನಕ್ಷತ್ರದ ಬೆಳಕೋ ಬೀದಿದೀಪದ ಪ್ರತಿಫಲನವೋ ಮಸೂರದ ಮೂಲಕ ಒಳಗೆ ಬಂದು ಒಂದು ಪದರದ ಮೇಲೆ ಬಿದ್ದಾಗ ಅಲ್ಲಿಂದ ಎಲೆಕ್ಟ್ರಾನುಗಳು ಹೊಮ್ಮುತ್ತವೆ. ಲಕ್ಷಗಟ್ಟಲೆ ಸೂಕ್ಷ್ಮ ರಂಧ್ರಗಳಿರುವ ಗಾಜಿನ ಬಿಲ್ಲೆಯೊಂದರ ಮೂಲಕ ಹಾಯುವಾಗ ಅವು ಗೋಡೆಗೆ ಬಡಿದು ಬಡಿದು ಒಂದಕ್ಕೆ ಸಾವಿರವಾಗಿ, ಕೊನೆಗೆ ರಂಜಕದ ಪರದೆಯನ್ನು ಬೆಳಗಿಸುತ್ತವೆ. ಸಿನಿಮಾಗಳಲ್ಲಿ ಕಾಣುವ ಹಸಿರು ಚಿತ್ರ ಇದೇ. ಹಸಿರಿನ ಛಾಯಾಭೇದಗಳನ್ನು ನಮ್ಮ ಕಣ್ಣು ಚೆನ್ನಾಗಿ ಗ್ರಹಿಸುವುದರಿಂದ ಆ ಬಣ್ಣವನ್ನು ಆರಿಸಿಕೊಂಡರು. ಇತ್ತೀಚಿನವುಗಳಲ್ಲಿ ಬಿಳಿಯೂ ಇದೆ. ಸ್ವಲ್ಪವೂ ಬೆಳಕಿಲ್ಲದ ಮುಚ್ಚಿದ ಕೋಣೆಯಲ್ಲಿ ಹಿಗ್ಗಿಸಲು ಏನೂ ಇರುವುದಿಲ್ಲ. ಆಗ ಯಂತ್ರವೇ ಇನ್‌ಫ್ರಾರೆಡ್ ಎಂದು ಕರೆಯುವ ಅವಕೆಂಪು ಬೆಳಕನ್ನು ಚೆಲ್ಲಬೇಕು. ನಮ್ಮೂರಿನ ಅಂಗಡಿಗಳ ಮಾಡಿನಲ್ಲಿ ಈಗ ತೂಗುತ್ತಿರುವ ಸಿಸಿ ಕ್ಯಾಮೆರಾಗಳು ರಾತ್ರಿ ಮಾಡುವುದೂ ಇದನ್ನೇ. ನಂಬಿಕೆ ಬಾರದಿದ್ದರೆ ಟೀವಿಯ ರಿಮೋಟನ್ನು ಮೊಬೈಲಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ ನೋಡಿ. ಬರಿಗಣ್ಣಿಗೆ ಕಾಣದ ಮಿಣುಕು ಅನೇಕ ಫೋನುಗಳ ಪರದೆಯಲ್ಲಿ ಕಾಣುತ್ತದೆ. ಮೊಮ್ಮಕ್ಕಳಿಗೆ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗವಿಲ್ಲ.

ಎರಡನೆಯದು ಥರ್ಮಲ್, ಉಷ್ಣದರ್ಶಕ. ಇದಕ್ಕೆ ಬೆಳಕೇ ಬೇಡ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಒಡೆದು, ಕೆಂಪು ಬಣ್ಣದಿಂದಾಚೆ ಬರಿಯ ಕತ್ತಲಿದ್ದ ಜಾಗದಲ್ಲಿ ಉಷ್ಣಮಾಪಕವನ್ನಿಟ್ಟಾಗ ಪಾದರಸ ಏರಿದ ಕಥೆಯನ್ನು ನಿಮಗೆ ಹೇಳಿದ್ದೆ. ಯುರೇನಸ್ ಗ್ರಹವನ್ನು ಕಂಡುಹಿಡಿದ ಅದೇ ಹರ್ಷೆಲ್. ವೃತ್ತಿಯಿಂದ ಮೊದಲು ಸಂಗೀತಗಾರ. ಬಿಸಿಯಿರುವ ಪ್ರತಿಯೊಂದು ವಸ್ತುವೂ ಇಂಥ ಕಿರಣಗಳನ್ನು ಸೂಸುತ್ತಲೇ ಇರುತ್ತದೆ. ನಮ್ಮ ಚರ್ಮದ ಉಷ್ಣತೆಗೆ ಲೆಕ್ಕ ಹಾಕಿದರೆ ಈ ವಿಕಿರಣದ ತರಂಗಾಂತರದ ಶಿಖರ ಸುಮಾರು ಒಂಬತ್ತೂವರೆ ಮೈಕ್ರೋಮೀಟರು. ಕಣ್ಣಿಗೆ ಕಾಣುವ ಬೆಳಕು ಮುಕ್ಕಾಲು ಮೈಕ್ರೋಮೀಟರಿಗೂ ಮೊದಲೇ ಮುಗಿದುಹೋಗುತ್ತದೆ. ಉಷ್ಣದರ್ಶಕದೊಳಗಿನ ಸಾವಿರಾರು ಸೂಕ್ಷ್ಮ ಬಿಂದುಗಳು ಈ ಕಿರಣ ಬಿದ್ದು ಎಳ್ಳಷ್ಟು ಬಿಸಿಯಾಗುತ್ತವೆ. ಬಿಸಿಯಾದಷ್ಟೂ ಅವುಗಳ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಯನ್ನೇ ಚಿತ್ರವಾಗಿ ಬರೆದುಕೊಡುವುದು ಯಂತ್ರದ ಕೆಲಸ. 2020ರಲ್ಲಿ ಅಂಗಡಿ, ದೇವಸ್ಥಾನಗಳ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಪಿಸ್ತೂಲಿನಾಕಾರದ ಜ್ವರಮಾಪಕ ನೆನಪಿದೆಯೇ? ಅದು ಒಂದೇ ಬಿಂದುವನ್ನು ಅಳೆಯುವ ಬಡ ಸಂಬಂಧಿ.

ಈ ಎರಡೂ ಯುದ್ಧಭೂಮಿಯಲ್ಲಿ ಬೆಳೆದ ವಿದ್ಯೆಗಳು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಜರ್ಮನರ ಬಂದೂಕುಗಳಿಗೂ, 1945ರಲ್ಲಿ ಓಕಿನಾವಾ ದ್ವೀಪದಲ್ಲಿ ಅಮೆರಿಕನ್ನರ ಬಂದೂಕುಗಳಿಗೂ ಅವಕೆಂಪು ದೀಪ ಕಟ್ಟಿ, ಬ್ಯಾಟರಿಯನ್ನು ಸೈನಿಕನ ಬೆನ್ನಿಗೆ ಹೊರಿಸಿದ್ದರು. ವಿಯೆಟ್ನಾಮ್ ಯುದ್ಧದ ಹೊತ್ತಿಗೆ ದೀಪ ಬೇಡವಾಗಿ ನಕ್ಷತ್ರದ ಬೆಳಕೇ ಸಾಕಾಯಿತು. ಯುದ್ಧದಲ್ಲಿ ಒಂದು ಅನುಕೂಲವಿದೆ: ಎದುರಿನ ಗಡಿಯಿಂದ ಇತ್ತ ನುಸುಳುವವನು ಶತ್ರುವೇ ಎಂದು ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಮನೆಗೆ ಅಂಥ ಗಡಿಯಿಲ್ಲ. ಮನೆಯ ಬಾಗಿಲಿಗೆ ರಾತ್ರಿ ಬರುವವರಲ್ಲಿ ಹೆಚ್ಚಿನವರು ಮನೆಯವರು. ಉಳಿದವರಲ್ಲೂ ಹೆಚ್ಚಿನವರು ವಿಳಾಸ ತಪ್ಪಿದವರು, ಸಹಾಯ ಕೇಳುವವರು, ಕುಡಿದು ದಾರಿ ತಪ್ಪಿದ ನೆರೆಯವರು.

ಉಷ್ಣದರ್ಶಕದಲ್ಲಿ ಮನುಷ್ಯ ಹೇಗೆ ಕಾಣುತ್ತಾನೆ? ನಾಲ್ಕು ಕೈಕಾಲುಗಳ ಬೆಳ್ಳನೆಯ ಆಕೃತಿಯಾಗಿ. ಇನ್ನೂರು ಗಜದಾಚೆಯೂ ಮರಗಳ ನಡುವೆ ಆ ಬಿಳುಪು ಎದ್ದು ಕಾಣುತ್ತದೆ. ಈ ವಿಷಯದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಮುಖದ ಲಕ್ಷಣ, ಅಂಗಿಯ ಬಣ್ಣ, ಹಣೆಯ ಕುಂಕುಮ ಇವೆಲ್ಲ ಬೆಳಕು ಮಾಡುವ ಭೇದಗಳೇ ಹೊರತು ಶಾಖ ಮಾಡುವ ಭೇದಗಳಲ್ಲ. ಕೈಯಲ್ಲಿರುವುದು ಕತ್ತಿಯೋ ಬೀಗದ ಕೈಯೋ ಎಂಬುದೂ ಅನುಮಾನವೇ, ಏಕೆಂದರೆ ತಣ್ಣಗಿನ ಕಬ್ಬಿಣಕ್ಕೂ ಹಿನ್ನೆಲೆಗೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಹದಿನೇಳು ವರ್ಷದ ಕಳ್ಳನೂ ಹದಿನೇಳು ವರ್ಷದ ಮಗನೂ ಅಲ್ಲಿ ಒಂದೇ. ನೈಟ್ ವಿಷನ್ ಇದಕ್ಕಿಂತ ವಾಸಿ, ಮುಖ ಅಷ್ಟಿಷ್ಟು ತಿಳಿಯುತ್ತದೆ. ಆದರೆ ಅದರ ದೃಷ್ಟಿಕೋನ ಸಾಮಾನ್ಯವಾಗಿ ನಲವತ್ತು ಡಿಗ್ರಿ ಮಾತ್ರ; ನಮ್ಮ ಎರಡು ಬರಿಗಣ್ಣು ಸೇರಿ ಸುಮಾರು ಇನ್ನೂರು ಡಿಗ್ರಿ ಕಾಣುತ್ತವೆ. ದೂರಕ್ಕೆ ಹೊಂದಿಸಿದ ಮಸೂರದಲ್ಲಿ ಹತ್ತಿರದ್ದು ಮಸುಕು. ಒಂದೇ ಕಣ್ಣಿಗೆ ಹಾಕುವ ಯಂತ್ರವಾದರೆ ಆಳದ ಅಂದಾಜೂ ಹೋಯಿತು. ನಿದ್ದೆಗಣ್ಣಿನಲ್ಲಿ ಎದ್ದು ಇದನ್ನು ತಲೆಗೆ ಕಟ್ಟಿಕೊಂಡು ಮೆಟ್ಟಿಲಿಳಿಯುವವನು ಕಳ್ಳನಿಗಿಂತ ಮೊದಲು ಮೆಟ್ಟಿಲಿಗೆ ಹೆದರಬೇಕು.

ಈಗ ನೆನಪಾಗುವುದು 1992ರ ಅಕ್ಟೋಬರ್ ತಿಂಗಳ ಒಂದು ಘಟನೆ. ಅಮೆರಿಕದ ಲೂಸಿಯಾನಾ ರಾಜ್ಯದ ಬ್ಯಾಟನ್ ರೂಜ್ ಎಂಬಲ್ಲಿ ಯೋಶಿಹಿರೊ ಹಟ್ಟೋರಿ ಎಂಬ ಹದಿನಾರು ವರ್ಷದ ಜಪಾನೀ ವಿದ್ಯಾರ್ಥಿಯಿದ್ದ. ಅಲ್ಲಿನ ಕುಟುಂಬವೊಂದರ ಜೊತೆ ಇದ್ದುಕೊಂಡು ಓದಲು ಹೋದವನು. ಹ್ಯಾಲೋವೀನ್ ಹಬ್ಬದ ಕೂಟಕ್ಕೆಂದು ವೇಷ ಹಾಕಿಕೊಂಡು ಆ ಮನೆಯ ಹುಡುಗನ ಜೊತೆ ಹೊರಟ. ವಿಳಾಸ ತಪ್ಪಿ ಅದೇ ಬೀದಿಯ ಬೇರೊಂದು ಮನೆಯ ಗಂಟೆ ಒತ್ತಿದರು. ಮನೆಯೊಡತಿ ಹೆದರಿ ಗಂಡನಿಗೆ ಬಂದೂಕು ತರುವಂತೆ ಕೂಗಿದಳು. ಗಂಡ "ಫ್ರೀಜ್" ಎಂದು ಅರಚಿದ. ಕದಲಬೇಡ ಎಂಬ ಆ ಮಾತಿನ ಅರ್ಥ ಹುಡುಗನಿಗೆ ಹೊಳೆಯಲಿಲ್ಲವೆಂದು ತೋರುತ್ತದೆ. ಅವನು ಮುಂದೆ ಬಂದ. ಕೆಲವೇ ಅಡಿಗಳ ಅಂತರದಿಂದ ಹಾರಿದ ಗುಂಡಿಗೆ ಸತ್ತ. ಮರುವರ್ಷ ಕ್ರಿಮಿನಲ್ ಮೊಕದ್ದಮೆಯಲ್ಲಿ ಗುಂಡು ಹಾರಿಸಿದವನ ಖುಲಾಸೆಯಾಯಿತು. ಅನಂತರದ ಸಿವಿಲ್ ದಾವೆಯಲ್ಲಿ ಅವನೇ ಹೊಣೆಗಾರನೆಂದು ತೀರ್ಪಾಯಿತು.

ಮೂವತ್ತು ವರ್ಷ ಕಳೆದ ಮೇಲೆ, 2023ರ ಏಪ್ರಿಲಿನಲ್ಲಿ, ಕ್ಯಾನ್ಸಸ್ ಸಿಟಿಯಲ್ಲಿ ಮತ್ತೊಬ್ಬ ಹದಿನಾರರ ಹುಡುಗ ತಮ್ಮಂದಿರನ್ನು ಕರೆತರಲೆಂದು ಹೋಗಿ, ಹೆಸರಿನಲ್ಲಿ ಹೋಲಿಕೆಯಿದ್ದ ಬೇರೊಂದು ರಸ್ತೆಯ ಮನೆಯ ಗಂಟೆ ಒತ್ತಿದ. ಒಳಗಿದ್ದ ಎಂಬತ್ತನಾಲ್ಕು ವರ್ಷದ ವೃದ್ಧ ಬಾಗಿಲ ಗಾಜಿನ ಮೂಲಕವೇ ಗುಂಡು ಹೊಡೆದ. ಹುಡುಗ, ದೇವರ ದಯೆ, ಬದುಕಿದ. ಈ ಎರಡು ಪ್ರಸಂಗಗಳಲ್ಲೂ ಬಾಗಿಲಲ್ಲಿ ಯಾರೋ ಇದ್ದಾರೆಂಬುದು ಕಣ್ಣಿಗೆ ಕಂಡಿತ್ತು. ಕೊರತೆಯಿದ್ದದ್ದು ದೃಷ್ಟಿಯಲ್ಲಲ್ಲ. ಹಾಗಿದ್ದಮೇಲೆ ಸಾವಿರಾರು ಡಾಲರು ಸುರಿದು ದೃಷ್ಟಿಯನ್ನು ಇನ್ನಷ್ಟು ದೂರಕ್ಕೆ ಚಾಚಿ, ಅದೇ ವೇಳೆ ಮುಖವನ್ನು ಅಳಿಸಿಹಾಕುವ ಯಂತ್ರವನ್ನು ಬಂದೂಕಿಗೆ ಕೂರಿಸಿದರೆ ಆಗುವುದೇನು?

ಗಾಜಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ಕಿಟಕಿಯ ಗಾಜು ನಮಗೆ ಪಾರದರ್ಶಕ. ಉಷ್ಣಕಿರಣಕ್ಕೆ ಅದು ಗೋಡೆ. ಅದಕ್ಕಾಗಿಯೇ ಈ ಯಂತ್ರಗಳ ಮಸೂರವನ್ನು ಗಾಜಿನಿಂದ ಮಾಡದೆ ದುಬಾರಿಯಾದ ಜರ್ಮೇನಿಯಂ ಲೋಹಾಭದಿಂದ ಮಾಡುತ್ತಾರೆ. ಮಲಗುವ ಕೋಣೆಯ ಮುಚ್ಚಿದ ಕಿಟಕಿಯ ಹಿಂದೆ ನಿಂತು ಉಷ್ಣದರ್ಶಕದಿಂದ ಹೊರಗೆ ನೋಡಿದರೆ ಕಾಣುವುದು ಗಾಜಿನ ಶಾಖ ಮತ್ತು ಅದರಲ್ಲಿ ಪ್ರತಿಫಲಿಸಿದ ನಿಮ್ಮದೇ ಬಿಂಬ. ನನ್ನ ವಿದ್ಯಾರ್ಥಿ ಇದನ್ನು ಪರೀಕ್ಷಿಸಿ ನೋಡಿ, "ಹೌದು ಮೇಷ್ಟ್ರೇ, ನಾನೇ ಕಂಡೆ!" ಎಂದು ಬರೆದ. ಕಳ್ಳನನ್ನು ನೋಡಲು ಕಿಟಕಿ ತೆರೆಯಬೇಕಾದ ಕಾವಲುಯಂತ್ರ!

ಗೋಡೆಯ ಮೂಲಕ ಒಳಗಿನವರನ್ನು ಕಾಣಬಹುದೆಂಬುದು ಸಿನಿಮಾದವರ ಕಟ್ಟುಕಥೆ. ಆದರೆ ಗೋಡೆಯ ಹೊರಮೈಯ ಬಿಸಿಯನ್ನು ಅಳೆದು ಒಳಗೇನು ನಡೆಯುತ್ತಿದೆಯೆಂದು ಊಹಿಸಲು ಸಾಧ್ಯ. ಈ ಊಹೆಯ ಸುತ್ತ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂದು ಸ್ವಾರಸ್ಯವಾದ ಮೊಕದ್ದಮೆ ನಡೆದಿದೆ. 1992ರಲ್ಲಿ ಆರೆಗಾನ್ ರಾಜ್ಯದಲ್ಲಿ ಅಧಿಕಾರಿಗಳು ಬೀದಿಯಲ್ಲಿ ನಿಂತು ಕೈಲೊ ಎಂಬಾತನ ಮನೆಯತ್ತ ಉಷ್ಣದರ್ಶಕ ಹಿಡಿದರು. ಮಾಡಿನ ಒಂದು ಭಾಗ ಹೆಚ್ಚು ಬಿಸಿಯಾಗಿತ್ತು. ಒಳಗೆ ಪ್ರಖರ ದೀಪಗಳ ಕೆಳಗೆ ಗಾಂಜಾ ಬೆಳೆಸುತ್ತಿದ್ದಾನೆಂದು ಊಹಿಸಿದರು. ಊಹೆ ನಿಜವೂ ಆಗಿತ್ತು. ಆದರೂ 2001ರಲ್ಲಿ ನ್ಯಾಯಾಲಯ ಐದಕ್ಕೆ ನಾಲ್ಕರ ಬಹುಮತದಿಂದ, ವಾರಂಟ್ ಇಲ್ಲದೆ ಹಾಗೆ ನೋಡಿದ್ದು ಮನೆಯೊಳಗೆ ನುಗ್ಗಿ ಶೋಧಿಸಿದಂತೆಯೇ ಸರಿ, ಸಂವಿಧಾನ ಅದನ್ನು ಒಪ್ಪುವುದಿಲ್ಲ ಎಂದು ತೀರ್ಪಿತ್ತಿತು. ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಸಂಪ್ರದಾಯವಾದಿಯೆಂದೇ ಹೆಸರಾದವರು. ಮನೆಯೊಡತಿ ರಾತ್ರಿ ಎಷ್ಟು ಹೊತ್ತಿಗೆ ಸ್ನಾನ ಮಾಡುತ್ತಾಳೆಂಬುದೂ ಇಂಥ ಯಂತ್ರಕ್ಕೆ ತಿಳಿದೀತು ಎಂಬುದು ಅವರ ಆತಂಕಗಳಲ್ಲಿ ಒಂದಾಗಿತ್ತು. ಆ ತೀರ್ಪು ಸರ್ಕಾರವನ್ನು ಕಟ್ಟಿಹಾಕಿತು. ಆದರೆ ಪಕ್ಕದ ಮನೆಯವರು ರಕ್ಷಣೆಯ ಹೆಸರಿನಲ್ಲಿ ಇದೇ ಯಂತ್ರವನ್ನು ನಿಮ್ಮ ಅಂಗಳದತ್ತ ತಿರುಗಿಸಿಕೊಂಡು ಕುಳಿತರೆ? ನಮ್ಮ ನಗರಗಳಲ್ಲಿ ಒಬ್ಬರ ಮನೆಯ ಕ್ಯಾಮೆರಾ ಇನ್ನೊಬ್ಬರ ಬಚ್ಚಲಿನ ಬಾಗಿಲನ್ನು ನೋಡುತ್ತಿದೆಯೆಂಬ ಜಗಳಗಳು ಈಗಾಗಲೇ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತಿವೆ. ಕ್ಯಾಮೆರಾ ಹಾಕಿಸುವವರು ಅದರ ಚಿತ್ರವನ್ನು ಒಮ್ಮೆ ನೆರೆಯವರನ್ನು ಕರೆದು ತೋರಿಸುವುದು ಮರ್ಯಾದೆ.

ಇದೆಲ್ಲ ಅಮೆರಿಕದ ಮಾತಾಯಿತು, ನಮಗೇನು ಎನ್ನಬೇಡಿ. ಬೆಳೆರಕ್ಷಣೆಯ ಪರವಾನಗಿಯ ಕೋವಿಗಳು ಮಲೆನಾಡಿನ ಎಷ್ಟೋ ಮನೆಗಳಲ್ಲಿವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿಯಿದೆ; ಅದನ್ನು 2029ರ ತನಕ ವಿಸ್ತರಿಸಿದ್ದಾರೆ. ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಬೇಟೆಯನ್ನು 1972ರ ವನ್ಯಜೀವಿ ಕಾಯಿದೆ ನಿಷೇಧಿಸಿದೆಯೆಂಬುದು ಒಂದು ಕಡೆಗಿರಲಿ. ಆ ಸುದ್ದಿಗಳಲ್ಲಿ ನನಗೆ ಕಾಣುವ ಸಮಾನ ಅಂಶವೊಂದಿದೆ. ಪೊದೆ ಅಲುಗಿತು, ಹೊಳೆಯುವುದೇನೋ ಕಂಡಿತು, ನಿರೀಕ್ಷೆಯಲ್ಲಿದ್ದ ಮನಸ್ಸು ಉಳಿದದ್ದನ್ನು ತುಂಬಿಕೊಂಡಿತು. ಉಷ್ಣದರ್ಶಕದ ಬಿಳಿಯ ಮಚ್ಚೆ ಆ ಮನಸ್ಸಿಗೆ ಒದಗಿಸುವುದು ಗುರುತನ್ನಲ್ಲ, ಧೈರ್ಯವನ್ನು. ಕುಳಿತು ಕೊಡೆ ಮಡಚುತ್ತಿರುವ ಮನುಷ್ಯನೂ ಅದರಲ್ಲಿ ಹಂದಿಯ ಗಾತ್ರದ ಒಂದು ಮಚ್ಚೆಯೇ.

ಹಾಗೆಂದು ಈ ವಿದ್ಯೆಯನ್ನು ನಾನು ಹಳಿಯುವವನಲ್ಲ. ಹುಲಿ, ಚಿರತೆ ಊರಿಗೆ ಬಂದಾಗ ಅರಣ್ಯ ಇಲಾಖೆಯವರು ಉಷ್ಣದರ್ಶಕ ಕಟ್ಟಿದ ಡ್ರೋನ್ ಹಾರಿಸಿ ಹುಡುಕುತ್ತಾರೆ. ಹತ್ತಾರು ಜನ ದೊಣ್ಣೆ ಹಿಡಿದು ಪೊದೆ ಬಡಿಯುವುದಕ್ಕಿಂತ ಇದು ಮನುಷ್ಯನಿಗೂ ಪ್ರಾಣಿಗೂ ಎಷ್ಟೋ ಕ್ಷೇಮ. ಕಾಫಿ ತೋಟದ ನಡುವೆ ಮನೆಯಿರುವವರಿಗೆ ಬೆಳಗಿನ ಜಾವ ಕೊಟ್ಟಿಗೆಗೆ ಹೋಗುವ ಮೊದಲು ದಾರಿಯಲ್ಲಿ ಆನೆ ನಿಂತಿದೆಯೇ ಎಂದು ಜಗಲಿಯಿಂದಲೇ ನೋಡಿಕೊಳ್ಳಲು ಕೈಯಲ್ಲಿ ಹಿಡಿಯುವ ಉಷ್ಣದರ್ಶಕವೊಂದಿದ್ದರೆ ಅದು ದುಂದುವೆಚ್ಚವೆಂದು ನಾನು ಹೇಳಲಾರೆ. ಆನೆಯ ವಿಷಯದಲ್ಲಿ "ಇದು ಯಾವ ಆನೆ" ಎಂದು ಕೇಳಬೇಕಾಗಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರಾಯಿತು. ಆದರೆ ನಮ್ಮ ಮಳೆಗಾಲದಲ್ಲಿ ಇದರ ಕಣ್ಣು ಮಂಜಾಗುತ್ತದೆ. ದಟ್ಟ ಮಳೆಯೂ ಮಂಜೂ ಉಷ್ಣಕಿರಣವನ್ನು ಹೀರುತ್ತವೆ. ತೊಯ್ದ ಮರ, ಕಲ್ಲು, ನೆಲ ಎಲ್ಲವೂ ಒಂದೇ ಶಾಖಕ್ಕೆ ಬಂದು ಚಿತ್ರ ಕಲಸಿದ ಹಿಟ್ಟಿನಂತಾಗುತ್ತದೆ.

ಹಾವಿನ ಬಗ್ಗೆ ಹಲವರು ಕೇಳಿದ್ದೀರಿ. ಹಾವಿಗೆ ತನ್ನದೇ ಆದ ಬಿಸಿ ಹೆಚ್ಚಿಲ್ಲ. ಮಲಗಿದ ನೆಲದ ಶಾಖವೇ ಅದರ ಶಾಖ. ಆದ್ದರಿಂದ ರಾತ್ರಿ ಮೆಟ್ಟಿಲ ಬಳಿ ಸುರುಳಿ ಸುತ್ತಿದ ಕೊಳಕುಮಂಡಲ ಉಷ್ಣದರ್ಶಕಕ್ಕೆ ಬಹುಪಾಲು ಕಾಣದೇ ಹೋಗಬಹುದು. ಅಲ್ಲಿ ಹಳೆಯ ಮೂರು ಸೆಲ್ಲಿನ ಬ್ಯಾಟರಿಯೇ ಮೇಲು. ತಮಾಷೆಯೆಂದರೆ, ನಮ್ಮ ಘಟ್ಟದ ಗುಳಿಮಂಡಲಕ್ಕೆ ಕಣ್ಣಿಗೂ ಮೂಗಿಗೂ ನಡುವೆ ಶಾಖವನ್ನು ಗ್ರಹಿಸುವ ಕುಳಿಯೊಂದಿದೆ. ಅದಕ್ಕೆ ನಾವು ಕಾಣುತ್ತೇವೆ, ಯಂತ್ರ ಹಿಡಿದ ನಮಗೆ ಅದು ಕಾಣುವುದಿಲ್ಲ.

ತೀರ್ಥಹಳ್ಳಿ ಕಡೆಯಲ್ಲಿರುವ ನನ್ನ ಅಣ್ಣನ ಮಗ ಅಡಿಕೆ ಒಣಗಿಸುವ ಅಂಗಳಕ್ಕೆ ಎಂಥ ಕ್ಯಾಮೆರಾ ಹಾಕಿಸಲಿ ಚಿಕ್ಕಪ್ಪಾ ಎಂದು ಕೇಳಿದ್ದ. ಅಡಿಕೆಗೆ ಧಾರಣೆ ಏರಿದಾಗಲೆಲ್ಲ ಅಂಗಳದ ಕಳ್ಳತನವೂ ಏರುತ್ತದೆ, ಅವನ ಚಿಂತೆ ನ್ಯಾಯವಾದದ್ದೇ. ಅವನಿಗೆ ಸಾಮಾನ್ಯ ಅವಕೆಂಪು ಕ್ಯಾಮೆರಾ ಸಾಕು. ಆದರೆ ಅದರ ಕೆಂಪುಮಿಣುಕಿಗೆ ತೀರಾ ಹತ್ತಿರದಲ್ಲಿ ಜೇಡ ಬಲೆ ಕಟ್ಟಿದರೆ ರಾತ್ರಿಯಿಡೀ ಕಾಣುವುದು ಬಲೆಯೊಂದೇ. ವಾರಕ್ಕೊಮ್ಮೆ ಕಸಬರಿಕೆಯ ತುದಿಯಿಂದ ಒರೆಸಬೇಕು. ಮಾಡಿನ ತುದಿಯಲ್ಲಿ ತೂಗುಹಾಕಿದರೆ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಒಳಬರುವ ದಾರಿಗೆ ಎದುರಾಗಿ ಇನ್ನೊಂದಿರಲಿ. ಕರೆಂಟು ಹೋದಾಗಲೂ ನಡೆಯುವಂತೆ ಬ್ಯಾಟರಿ ಇಡಬೇಕು, ಏಕೆಂದರೆ ನಮ್ಮ ಕಡೆ ಕರೆಂಟು ಹೋಗುವುದೇ ಗಾಳಿಮಳೆಯ ಕತ್ತಲ ರಾತ್ರಿಯಲ್ಲಿ. ಇದರ ಜೊತೆಗೆ ಯಾರಾದರೂ ಹತ್ತಿರ ಬಂದರೆ ತಾನೇ ಹತ್ತಿಕೊಳ್ಳುವ ಒಂದು ದೀಪ. ಬೆಳಕು ಬಿದ್ದ ತಕ್ಷಣ ಕಳ್ಳನಿಗೆ ತಾನು ಕಂಡೆನೆಂದು ತಿಳಿಯುತ್ತದೆ, ಮನೆಯವರಿಗೆ ಬಂದವನು ಯಾರೆಂದು ತಿಳಿಯುತ್ತದೆ. ಯಾವ ದುಬಾರಿ ಯಂತ್ರವೂ ಈ ಎರಡು ಕೆಲಸವನ್ನು ಒಟ್ಟಿಗೆ ಮಾಡುವುದಿಲ್ಲ. ನಾಯಿಯೊಂದಿದ್ದರೆ ಅದು ಗುರುತಿಸುವ ಕೆಲಸವನ್ನು ಮೂಗಿನಿಂದಲೇ ಮುಗಿಸಿರುತ್ತದೆ.

ಟೆಕ್ಸಾಸಿನ ಶಿಷ್ಯನಿಗೆ ನಾನು ಬರೆದದ್ದೂ ಹೆಚ್ಚು ಕಡಿಮೆ ಇದೇ. ಬಾಗಿಲ ಮೇಲೊಂದು ದೀಪ, ಒಳಗಿನಿಂದಲೇ ಮಾತಾಡಬಹುದಾದ ಕ್ಯಾಮೆರಾ ಗಂಟೆ, ಗಟ್ಟಿ ಚಿಲಕ. ಮಗ ತಡವಾಗಿ ಬರುವುದಾದರೆ ಬಾಗಿಲು ತೆರೆಯುವ ಮೊದಲು ಫೋನ್ ಮಾಡುವ ಕಟ್ಟುಪಾಡು. ಸಂಶಯ ಬಂದರೆ ಎಲ್ಲರೂ ಒಂದು ಕೋಣೆ ಸೇರಿ ಚಿಲಕ ಹಾಕಿಕೊಂಡು ಪೊಲೀಸರನ್ನು ಕರೆಯುವುದು. ಗುರಿ ಏನು, ಗುರಿಯ ಹಿಂದೇನಿದೆ ಎಂಬುದು ನಿಶ್ಚಯವಾಗದೆ ಬೆರಳು ಆಡಿಸಬಾರದೆಂಬುದು ಅಲ್ಲಿನ ಬಂದೂಕು ಕಲಿಸುವವರೇ ಮೊದಲ ದಿನ ಹೇಳಿಕೊಡುವ ನಿಯಮ. ಉಷ್ಣದರ್ಶಕವನ್ನು ಬಂದೂಕಿನ ಮೇಲೆ ಕೂರಿಸಿದರೆ ಇನ್ನೊಂದು ಅನಾಹುತವಿದೆ, ಇದನ್ನು ಮಾರುವವರು ಹೇಳುವುದಿಲ್ಲ: ಏನನ್ನಾದರೂ ನೋಡಬೇಕಾದರೆ ಅದರತ್ತ ಬಂದೂಕಿನ ಬಾಯಿಯನ್ನೂ ತಿರುಗಿಸಲೇಬೇಕು. ನೋಡುವುದೂ ಗುರಿ ಹಿಡಿಯುವುದೂ ಒಂದೇ ಆಗಿಬಿಡುತ್ತದೆ.

ಅವನು ಕೊನೆಗೂ ಉಷ್ಣದರ್ಶಕವನ್ನು ಕೊಂಡ. ಆದರೆ ಬಂದೂಕಿನದನ್ನಲ್ಲ, ಮೊಬೈಲಿಗೆ ಸಿಕ್ಕಿಸುವ ಕೆಲವು ನೂರು ಡಾಲರಿನ ಚಿಕ್ಕದನ್ನು. ಅದರಿಂದ ಅವನಿಗೆ ಮೊದಲು ಸಿಕ್ಕ ಅಪರಿಚಿತ ಯಾರು ಗೊತ್ತೇ? ಗ್ಯಾರೇಜಿನ ಸ್ವಿಚ್ ಬೋರ್ಡಿನಲ್ಲಿ ಸಡಿಲವಾಗಿದ್ದ ಒಂದು ತಂತಿಯ ತಿರುಪು. ಪಕ್ಕದ ತಿರುಪುಗಳೆಲ್ಲ ಕಪ್ಪಗಿದ್ದಾಗ ಅದೊಂದು ಬೆಳ್ಳಗೆ ಹೊಳೆಯುತ್ತಿತ್ತಂತೆ. ಸಡಿಲ ಜೋಡಣೆಯಲ್ಲಿ ರೋಧ ಹೆಚ್ಚಿ ಶಾಖ ಹುಟ್ಟುವ ಪಾಠವನ್ನು ನೀವೆಲ್ಲ ಹತ್ತನೇ ತರಗತಿಯಲ್ಲಿ ಓದಿದ್ದೀರಿ. ಕಾರ್ಖಾನೆಗಳಲ್ಲಿ ವಿದ್ಯುತ್ ಫಲಕಗಳನ್ನು ಹೀಗೆ ಪರೀಕ್ಷಿಸುವುದು ವಾಡಿಕೆ. ಅಗ್ನಿಶಾಮಕ ಸಿಬ್ಬಂದಿ ಹೊಗೆಯೊಳಗೆ ಸಿಕ್ಕಿಬಿದ್ದವರನ್ನು ಹುಡುಕುವುದೂ ಇದೇ ಯಂತ್ರದಿಂದ. ನಮ್ಮ ಹಳೆಯ ಮನೆಗಳ ಮರದ ಅಟ್ಟದ ಮೇಲೆ ಹಾಯಿಸಿರುವ ವೈರುಗಳು ನಲವತ್ತು ಐವತ್ತು ವರ್ಷದವು. ಇಲಿ ಕಡಿದವು, ತೇವ ಹಿಡಿದವು. ಊರಿನ ಎಲೆಕ್ಟ್ರಿಷಿಯನ್ ಒಬ್ಬರು ಇಂಥದೊಂದನ್ನು ಇಟ್ಟುಕೊಂಡು, ಮನೆಮನೆಗೆ ಹೋಗಿ, ಗೀಸರು ಪಂಪು ಎಲ್ಲ ಚಾಲೂ ಇರುವ ಹೊತ್ತಿನಲ್ಲಿ ಬೋರ್ಡುಗಳನ್ನು ನೋಡಿಬಂದರೆ ನಾನಂತೂ ಸಂತೋಷದಿಂದ ಮಜೂರಿ ಕೊಡುತ್ತೇನೆ. ನಮ್ಮ ಮನೆಯ ಮೀಟರ್ ಬೋರ್ಡು 1978ರದು. ಯಾರ ಬಳಿಯಾದರೂ ಆ ಯಂತ್ರ ಇದ್ದರೆ ದಸರಾ ರಜೆಗೆ ಬರುವಾಗ ದಯವಿಟ್ಟು ಜೊತೆಗೆ ತನ್ನಿ.